ಸ್ವಲ್ಪ ಭಯವಿರಬೇಕಂತೆ

ಬ್ಯಾಂಕ್ ಅಧಿಕಾರಿ ಹುದ್ದೆಯ ಸಂದರ್ಶನಕ್ಕೆ ಕರೆ ಬಂದಿರುವ ಅಕ್ಕನ ಮಗನಿಗೆ ಬಂಧುಬಳಗದಿಂದ ಒಂದೇ ಉಪದೇಶ: "ಗಾಬರಿಯಾಗಬೇಡ." ಹೇಳಿದವರೆಲ್ಲ ನಿವೃತ್ತರು, ಇಲ್ಲವೇ ಇನ್ನು ಯಾರ ಮುಂದೆಯೂ ಕೈಕಟ್ಟಿ ಕೂರಬೇಕಾಗಿಲ್ಲದವರು. ಜ್ವರ ಬಂದವನಿಗೆ ಮೈ ಬಿಸಿ ಮಾಡಿಕೊಳ್ಳಬೇಡ ಎಂದಂತಾಯಿತು.

ಅದನ್ನಾದರೂ ಸಹಿಸಬಹುದಿತ್ತು. ನನ್ನನ್ನು ನಿಜವಾಗಿ ಕೆರಳಿಸಿದ್ದು ತರಬೇತಿ ಕೇಂದ್ರದವರು ಅವನಿಗೆ ಕಳುಹಿಸಿದ ಒಂದು ಚಿತ್ರ. ಗುಡ್ಡದ ಆಕಾರದ ಗೆರೆ. ಎಡಬುಡದಲ್ಲಿ 'ಭಯವಿಲ್ಲ', ಬಲಬುಡದಲ್ಲಿ 'ಅತಿಭಯ', ನೆತ್ತಿಯಲ್ಲಿ ಟೈ ಕಟ್ಟಿಕೊಂಡ ನಗುಮುಖ. ಹಿತಮಿತವಾಗಿ ಹೆದರಿದರೆ ಒಳ್ಳೆಯದು ಎಂದು ವಿಜ್ಞಾನವೇ ಹೇಳಿದೆಯಂತೆ.

"ಮಾಮಾ, ನೆತ್ತಿಯ ಮೇಲೆ ನಿಲ್ಲುವುದು ಹೇಗೆ?" ಎಂದು ಹುಡುಗ ಕೇಳಿದ. ಹೇಳುತ್ತೇನೆ, ಮೊದಲು ಈ ಗುಡ್ಡ ಎಲ್ಲಿಂದ ಬಂತೆಂದು ತಿಳಿದುಕೋ ಎಂದೆ.

ಬಂದದ್ದು ಇಲಿಗಳಿಂದ. 1908ರಲ್ಲಿ ರಾಬರ್ಟ್ ಯರ್ಕೀಸ್ ಮತ್ತು ಜಾನ್ ಡಾಡ್ಸನ್ ಎಂಬ ಅಮೆರಿಕದ ಇಬ್ಬರು ಪ್ರಯೋಗಶೀಲರು ಪುಟ್ಟ ಇಲಿಗಳ ಮುಂದೆ ಒಂದು ಬಿಳಿ ಪೆಟ್ಟಿಗೆ, ಒಂದು ಕಪ್ಪು ಪೆಟ್ಟಿಗೆ ಇಟ್ಟರು. ಬಿಳಿಯದನ್ನು ಹೊಕ್ಕರೆ ಕ್ಷೇಮ, ಕಪ್ಪಿಗೆ ಹೊಕ್ಕರೆ ಕಾಲಿಗೆ ಶಾಕ್. ಅವು ಸಾಮಾನ್ಯ ಇಲಿಗಳೂ ಅಲ್ಲ, 'ನರ್ತಿಸುವ ಇಲಿಗಳು'. ನರ್ತನವೆಂದರೆ ಕಲೆಯೇನಲ್ಲ, ಒಳಕಿವಿಯ ದೋಷದಿಂದಾಗಿ ನೆಟ್ಟಗೆ ನಡೆಯಲಾರದೆ ಗಿರಗಿರನೆ ಸುತ್ತುವ ಜಾತಿ. ಕಿವಿಯೂ ಕೇಳಿಸದು. ಯರ್ಕೀಸ್ ಅದರ ಹಿಂದಿನ ವರ್ಷವಷ್ಟೇ ಅವುಗಳ ಮೇಲೆ ಒಂದು ಇಡೀ ಪುಸ್ತಕ ಬರೆದಿದ್ದರು. ಅಷ್ಟು ಮಮತೆ. ಮಮತೆಗೂ ಶಾಕಿಗೂ ವಿರೋಧವಿಲ್ಲವೆಂಬುದು ನಮ್ಮ ಕಾಲದ ಗಣಿತದ ಮೇಷ್ಟರನ್ನು ಕಂಡವರಿಗೆ ಹೊಸದಲ್ಲ.

ಪೆಟ್ಟಿಗೆಗಳ ನಡುವಣ ವ್ಯತ್ಯಾಸ ಢಾಳಾಗಿ ಕಾಣುತ್ತಿದ್ದಾಗ ಶಾಕ್ ಬಲವಾದಷ್ಟೂ ಇಲಿ ಬೇಗ ಕಲಿಯಿತು. ವ್ಯತ್ಯಾಸ ಮಸುಕಾದಾಗ ಮಾತ್ರ ಮಧ್ಯಮ ಶಾಕ್ ಹೆಚ್ಚು ಫಲ ಕೊಟ್ಟಿತು. ಅವರು ಬರೆದದ್ದು ಇಷ್ಟೇ: ಪ್ರಚೋದನೆ ಎಷ್ಟಿದ್ದರೆ ಅಭ್ಯಾಸ ಎಷ್ಟು ಬೇಗ ಕೂಡುತ್ತದೆ ಎಂಬ ಲೆಕ್ಕ. ಆಮೇಲೆ ಬಂದವರು ಶಾಕ್ ಇದ್ದ ಕಡೆ ಆತಂಕವನ್ನೂ ಇಲಿ ಇದ್ದ ಕಡೆ ಮನುಷ್ಯನನ್ನೂ ಕೂರಿಸಿ ಗುಡ್ಡವನ್ನು ನುಣ್ಣಗೆ ಮಾಡಿದರು. ಶುಲ್ಕ ತೆಗೆದುಕೊಂಡು ಅದನ್ನು ಹತ್ತಿಸುವವರು ಈಗ ಹುಟ್ಟಿದ್ದಾರೆ. ಕಿವುಡು ಇಲಿಗಳಿಗೆ ಒಂದು ಸುಖವಾದರೂ ಇತ್ತು. "ನಿಮ್ಮ ಬಗ್ಗೆ ನೀವೇ ಸ್ವಲ್ಪ ಹೇಳಿ" ಎಂದು ಯಾರಾದರೂ ಕೇಳಿದ್ದರೂ ಅವಕ್ಕೆ ಕೇಳಿಸುತ್ತಿರಲಿಲ್ಲ.

"ಮಾಮಾ, ನನ್ನ ಪ್ರಶ್ನೆ..." ಎಂದ ಹುಡುಗ. ತಾಳು ಎಂದೆ.

ಕೇಂದ್ರ ಲೋಕಸೇವಾ ಆಯೋಗದವರು 275 ಅಂಕಗಳ ತಮ್ಮ ವ್ಯಕ್ತಿತ್ವ ಪರೀಕ್ಷೆ, ಅಂದರೆ ಐಎಎಸ್ ಮೊದಲಾದ ಹುದ್ದೆಗಳ ಸಂದರ್ಶನ, ಪಾಟೀಸವಾಲಲ್ಲ, ಉದ್ದೇಶವಿಟ್ಟುಕೊಂಡ ಸಹಜ ಸಂಭಾಷಣೆ ಎಂದು ಅಧಿಸೂಚನೆಯಲ್ಲೇ ಹೇಳಿಕೊಳ್ಳುತ್ತಾರೆ. ಸಹಜವಂತೆ! ಮೇಜಿನ ಆ ಬದಿ ಒಂದು ಗುಂಪು, ಈ ಬದಿ ಒಬ್ಬ, ಮಧ್ಯೆ ಅಂಕಪಟ್ಟಿ. ಹೆಣ್ಣು ನೋಡುವ ಶಾಸ್ತ್ರದ ದಿನ ಬಿಟ್ಟರೆ ಹಾಗೆ ಕೂತು ಯಾರೂ ಹರಟಿದ್ದನ್ನು ನಾನು ಕಂಡಿಲ್ಲ. ಕೇಂದ್ರ ಸರ್ಕಾರ 2016ರ ಜನವರಿಯಿಂದ ತನ್ನ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ವಶೀಲಿ, ಲಂಚ ತಡೆಯಲೆಂದು. ನಡುಗುವವರ ಮೇಲಿನ ಕರುಣೆಯಿಂದಲ್ಲ. ಆದರೂ ನಡುಗುವವರ ಪರವಾಗಿ ನಾನು ಮನಸ್ಸಿನಲ್ಲೇ ಒಂದು ಈಡುಗಾಯಿ ಒಡೆದಿದ್ದೆ. ಬ್ಯಾಂಕ್ ಅಧಿಕಾರಿಗಳಿಗೆ ಮಾತ್ರ ಆ ಭಾಗ್ಯ ಬರಲಿಲ್ಲ.

ಅಂಗೈ ಬೆವರುವುದು ಸೆಕೆಗಿಂತ ಹೆಚ್ಚಾಗಿ ಮನಸ್ಸಿನ ತಳಮಳಕ್ಕೆ. ಆದ್ದರಿಂದ ಎಸಿ ಕೋಣೆಯಲ್ಲಿ ಹಣೆ ಒಣಗಿದ್ದರೂ ಕೈ ತೊಯ್ದಿರುತ್ತದೆ. ಹತ್ತನೆಯ ತರಗತಿಯ ಅಂಕಪಟ್ಟಿಯಿಂದ ಹಿಡಿದು ಜಾತಿ ಪ್ರಮಾಣಪತ್ರದವರೆಗೆ ಪ್ಲಾಸ್ಟಿಕ್ ಹಾಳೆಗಳಲ್ಲಿ ತುಂಬಿಸಿದ ಫೈಲಿನ ಮೇಲೆ ಐದು ಬೆರಳೂ ಅಚ್ಚಾಗಿ ಮೂಡಿವೆ, ದನಿ ಅದುರುತ್ತಿದೆ, ನಾಲಗೆ ಅಂಗುಳಿಗೆ ಅಂಟಿಕೊಂಡಿದೆ. ಇಷ್ಟನ್ನೂ ಕಣ್ಣಾರೆ ನೋಡುತ್ತಾ ನಡುವಿನ ಕುರ್ಚಿಯವರು ಕೇಳುವುದೇನು? "ನಿಮ್ಮ ದೌರ್ಬಲ್ಯವೇನು?" ಅದಕ್ಕೆ ತರಬೇತಿ ಕೇಂದ್ರದ ಸಿದ್ಧ ಉತ್ತರ, "ಹಿಡಿದ ಕೆಲಸ ಮುಗಿಯುವವರೆಗೆ ನನಗೆ ನಿದ್ದೆ ಬರುವುದಿಲ್ಲ ಸರ್." ಅವರು ತಲೆಯಾಡಿಸಿ ಬರೆದುಕೊಳ್ಳುತ್ತಾರೆ. ಪ್ರಾಮಾಣಿಕತೆಗೂ ಅಂಕವಿದೆಯಂತೆ.

"ಅದೆಲ್ಲ ಇರಲಿ ಮಾಮಾ. ಕರವಸ್ತ್ರ ಎಡಜೇಬಿನಲ್ಲಿರಬೇಕೋ ಬಲಜೇಬಿನಲ್ಲೋ?"

ಎರಡರಲ್ಲೂ ಇಟ್ಟುಕೋ ಎಂದೆ.