ಏನ್ ಕತ್ತಿ ಕಾಯಾಕತ್ತಿದ್ದೇನು?

ಇವತ್ತು ತಂಗಿ ಜೊತೆ ಅವಳ ಮಗಳ ಶಾಲೆಗೆ ಪಾಲಕರ ಸಭೆಗೆ ಹೋಗಿದ್ದೆ. ಹೋಗಬಾರದಿತ್ತು. ಬಿಪಿ ಗುಳಿಗೆ ನುಂಗಿ ಹೋದರೂ ಉಪಯೋಗ ಆಗಲಿಲ್ಲ.

ಹುಡುಗಿ 8ನೇ ಕ್ಲಾಸು. ಗಣಿತದಲ್ಲಿ 25ಕ್ಕೆ 7. ಸರ್ ಹೇಳಿದ್ದು ಒಂದೇ ಮಾತು. "ಏನೂ ಕೇಳಂಗಿಲ್ರೀ ಆಕಿ. ಡೌಟ್ ಇದ್ರ ಕೇಳಬೇಕು. ಕೇಳಿದ್ರ ನಾವು ಹೇಳಂಗಿಲ್ಲೇನು?" ತಂಗಿ ತಲೆ ತಗ್ಗಿಸಿದಳು. ಹುಡುಗಿ ಉಗುರು ಕಡಿಯುತ್ತಾ ನಿಂತಿದ್ದಳು.

ಗೇಟಿನ ಹತ್ತಿರ ಬಂದಮೇಲೆ ಕೇಳಿದೆ, "ಯಾಕವಾ, ಕೇಳಾಕ ಏನಾಗೈತಿ ನಿಂಗ?"

"ಕೇಳಿದ್ನಿ ಮಾಮಾ, ಜೂನ್‌ನ್ಯಾಗ. ಇಷ್ಟೊತ್ತು ಏನ್ ಕತ್ತಿ ಕಾಯಾಕತ್ತಿದ್ದೇನು ಅಂದ್ರು. ಎಲ್ಲಾರೂ ನಕ್ರು."

ನಮ್ಮ ಕಡೆ ಕತ್ತಿ ಅಂದರೆ ಕತ್ತೆ. ಮುಗೀತು. ಅವತ್ತಿನಿಂದ ಅವಳಿಗೆ ಡೌಟೇ ಇಲ್ಲ. "ತಿಳೀತೇನ್ರೋ?" ಅಂದರೆ ಅರವತ್ತು ಬಾಯಿಂದ "ಹೂಂ ರೀ ಸರ್". ಆ ಹೂಂನಲ್ಲಿ ನಮ್ಮ ಹುಡುಗಿಯದೂ ಒಂದು.

ಕೇಳಬೇಕಂತೆ! ಕೇಳೋದು ಹೇಗೆ ಅಂತ ಯಾರಾದರೂ ಕಲಿಸಿದ್ದಾರಾ? ಕೈ ಕಟ್ಟಿ, ಬಾಯಿ ಮುಚ್ಚಿ ಗಪ್ ಕುಂದ್ರೋದನ್ನು ಅಂಗನವಾಡಿಯಿಂದಲೇ ಕಲಿಸುತ್ತೇವೆ. ಎಂಟನೇ ಕ್ಲಾಸಿಗೆ ಬಂದಮೇಲೆ ಸಡನ್ನಾಗಿ "ಯಾಕ ಮಾತಾಡಂಗಿಲ್ಲ" ಅಂತೀವಿ.

2009ರ ಶಿಕ್ಷಣ ಹಕ್ಕು ಕಾಯ್ದೆ ತೆಗೆದು ನೋಡಿ. ಯಾವ ಮಗುವಿಗೆ ಎಷ್ಟು ತಿಳಿದಿದೆ ಅಂತ ನೋಡಿ, ಬೇಕಾದರೆ ಹೆಚ್ಚಿಗೆ ಪಾಠ ಹೇಳೋದು ಟೀಚರ ಕೆಲಸ ಅಂತ 24ನೇ ಸೆಕ್ಷನ್‌ನಲ್ಲಿದೆ. ಮಗು ಮೊದಲು ಬಂದು ಅರ್ಜಿ ಹಾಕಬೇಕು ಅಂತ ಇಲ್ಲ. 17ನೇ ಸೆಕ್ಷನ್ ಹೊಡೆಯೋದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಕತ್ತಿ ಕಾಯೋದು ಅದರಲ್ಲಿ ಬರುತ್ತೋ ಇಲ್ಲವೋ, ವಕೀಲ ಮಿತ್ರರು ಹೇಳಲಿ. ಟೀಚರು ಖಾಸಗಿ ಟ್ಯೂಷನ್ ಹೇಳಬಾರದು ಅಂತ 28ನೇ ಸೆಕ್ಷನ್ನೂ ಇದೆ. ಸಂಜೆ ದುಡ್ಡು ಕೊಟ್ಟು ಅದೇ ಡೌಟ್ ಕೇಳಿದರೆ ಯಾರೂ ಕತ್ತಿ ಸುದ್ದಿ ಎತ್ತಲ್ಲ. ಇರಲಿ ಬಿಡಿ.

ಅದೇ ಶಾಲೆಯ ವರಾಂಡಾದಲ್ಲಿ ಮಕ್ಕಳ ಸಹಾಯವಾಣಿ ನಂಬರ್ ಬರೆಸಿದ್ದಾರೆ. 1098. ಅದರ ಮುಂದೆ ಕಪಾಟು ಇಟ್ಟಿದ್ದಾರೆ. ಕಾಣೋದು 10 ಅಷ್ಟೇ. ಪಕ್ಕದಲ್ಲಿ ಸಲಹಾ ಪೆಟ್ಟಿಗೆ. ಕೀಲಿಗೆ ತುಕ್ಕು ಹಿಡಿದಿದೆ. ಮನೆಯಲ್ಲಿ ಹೊಡೆತ ತಿನ್ನೋ ಮಗು, ಯಾರಾದರೂ ಮೈ ಮುಟ್ಟಿದ್ದಕ್ಕೆ ಹೆದರಿದ ಮಗು ಏನು ಮಾಡಬೇಕು? ಗಣಿತದ ಒಂದು ಡೌಟಿಗೇ ಇಷ್ಟು ನಗೆಪಾಟಲಾದರೆ ಅಂಥ ಮಾತು ಯಾರ ಹತ್ತಿರ ಬಾಯಿ ಬಿಟ್ಟೀತು?

ಈಗ ಮಾಸ್ತರ ಮಿತ್ರರು ಕಾಮೆಂಟಿಗೆ ಬರುತ್ತೀರಿ, ಗೊತ್ತು. ಒಂದು ಕ್ಲಾಸಿಗೆ ಅರವತ್ತು ಮಕ್ಕಳು, ಬಿಸಿಯೂಟದ ಲೆಕ್ಕ, ಮೊಟ್ಟೆ ಲೆಕ್ಕ, ಚುನಾವಣೆ ಡ್ಯೂಟಿ. ಎಲ್ಲಾ ನಿಜ. ಆದರೆ "ಕತ್ತಿ ಕಾಯಾಕತ್ತಿದ್ದೇನು" ಅನ್ನೋಕೆ ಎಷ್ಟು ಟೈಮ್ ಬೇಕೋ, "ಮಧ್ಯಾಹ್ನ ಊಟ ಆದ್ಮ್ಯಾಲ ಬಾರವಾ" ಅನ್ನೋಕೂ ಅಷ್ಟೇ ಬೇಕು.

ಇಷ್ಟು ಗಟ್ಟಿಯಾಗಿ ಬೈಯೋ ನಾನೇನು ಸಾಚಾ ಅಲ್ಲ. ಚಾಕ್‌ಪೀಸ್ ಬಿಟ್ಟು ಝೆರಾಕ್ಸ್ ಅಂಗಡಿ ಹಾಕೋ ಮೊದಲು ನಾಲ್ಕು ವರ್ಷ ಗಣಿತ ಹೇಳಿದ್ದೆ, ನಿಮಗೆ ಗೊತ್ತು. ಕತ್ತಿ ಮಾತು ನಾನೂ ಆಡಿದ್ದೇನೆ. ಹಿಂದಿನ ಬೆಂಚಿನ ಒಬ್ಬ ಹುಡುಗನಿಗೆ. ಅವನೂ ಆಮೇಲೆ ಕೇಳಲಿಲ್ಲ. ಶಾಣ್ಯಾ ಆದ ಅಂತ ನಾನು ತಿಳಿದುಕೊಂಡೆ.

ಸಂಜೆ ಹುಡುಗಿ ನೋಟ್‌ಬುಕ್ ಹಿಡಿದು ಮುಳಗುಂದ ನಾಕಾದ ನನ್ನ ಅಂಗಡಿಗೆ ಬಂದಳು. "ಮಾಮಾ, ನಂಗೇನೂ ತಿಳಿದಿಲ್ಲ." ಏನೂ ತಿಳಿದಿಲ್ಲ ಅಂದರೆ ದೇವರಿಗೂ ಉತ್ತರ ಹೇಳೋಕೆ ಆಗಲ್ಲ. "ಎಲ್ಲಿತನ ತಿಳಿದೈತಿ, ಅಲ್ಲಿ ಬೆರಳಿಡು" ಅಂದೆ. ಮೂರನೇ ಸಾಲಿನ ಮೇಲೆ ಇಟ್ಟಳು. ಮೈನಸ್ 3ನ್ನು ಮೈನಸ್ 5ರಿಂದ ಗುಣಿಸಿದರೆ ಪ್ಲಸ್ 15 ಯಾಕೆ? ಜೂನ್‌ನಲ್ಲಿ ಕೇಳಿದ್ದೂ ಇದನ್ನೇ ಅಂತೆ.

ಕೌಂಟರಿನಲ್ಲಿ ಗಿರಾಕಿ ಇದ್ದರು. ಹಳೇ ಚಾಳಿ, ನಾಲಿಗೆ ತುದಿಗೆ ಕತ್ತಿ ಬಂದೇ ಬಿಟ್ಟಿತ್ತು. ತಡೆದುಕೊಂಡೆ. ಉದ್ರಿ ಬರೆಯೋ ಚೀಟಿ ಮೂರು ತೆಗೆದು, ಒಂದೊಂದರ ಮೇಲೂ ಅವಳ ಹೆಸರು, 5 ರೂಪಾಯಿ ಬಾಕಿ ಅಂತ ಬರೆದೆ. ಮೂರನ್ನೂ ಅವಳ ಮುಂದೆ ಹರಿದೆ.

"ಬಾಕಿ ಅಂದ್ರ ಮೈನಸ್. ಹರದು ಒಗದ್ನಿ, ಅದೂ ಮೈನಸ್. ನಿಂಗೆಷ್ಟು ಉಳೀತು?"

"ಹದಿನೈದ್... ಅಯ್ಯ, ಇಷ್ಟೇನು?"

ಪಕ್ಕದಲ್ಲಿ ಆಧಾರ್ ಕಾರ್ಡ್ ಝೆರಾಕ್ಸ್‌ಗೆ ನಿಂತಿದ್ದ ಎಸ್ಸೆಸ್ಸೆಲ್ಸಿ ಹುಡುಗ ಆ ಕಡೆ ಈ ಕಡೆ ನೋಡಿ ಮೆಲ್ಲಗೆ ಅಂದ, "ಅಣ್ಣಾರ, ಇನ್ನೊಮ್ಮೆ ಹರದು ತೋರಸ್ತೀರೇನ್ರಿ?"