ಕಾಂಪ್ಲೆಕ್ಸಿನ ಎದುರು ಕೂತರೆ ಯಾರಪ್ಪನ ಗಂಟು ಹೋಗುತ್ತದೆ?

ನಮ್ಮ ಕಾಸರಗೋಡು ಕಡೆ ಈಗ ಹೊಸ ಕಾಂಪ್ಲೆಕ್ಸ್ ಎದ್ದರೆ ಎದುರಿಗೆ ಟೈಲ್ಸ್ ಹಾಕಿದ ಚಂದದ ಅಂಗಳ ಇರುತ್ತದೆ. ಕೂರಲು ಮಾತ್ರ ಜಾಗ ಇಲ್ಲ. ಬಸ್ಸಿಗೆ ಹೊತ್ತಿದೆ ಅಂತ ಮೆಟ್ಟಿಲಲ್ಲಿ ಕೂತರೆ ಸೆಕ್ಯುರಿಟಿಯವರು ಬಂದು "ಇವಿಡೆ ಇರಿಕ್ಕಲ್ಲೇ" (ಇಲ್ಲಿ ಕೂರಬೇಡಿ) ಅಂತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ, ಸಂಬಳಕ್ಕೆ ಹೇಳುವ ಮಾತು ಅದು. ಅವರ ಜಾಗ, ಅವರಿಷ್ಟ ಅಂತ ನಾವೂ ಎದ್ದು ಹೋಗುತ್ತೇವೆ, ಅಲ್ವಾ?

ನ್ಯೂಯಾರ್ಕಿನಲ್ಲಿ ಆ ಮಾತು ಎಲ್ಲ ಕಡೆ ನಡೆಯುವುದಿಲ್ಲ. 1961ರಲ್ಲಿ ಆ ನಗರ ಬಿಲ್ಡರುಗಳ ಜೊತೆ ಒಂದು ವ್ಯಾಪಾರಕ್ಕೆ ಇಳಿಯಿತು. ಕೆಳಗೆ ಜನರಿಗೆ ಪ್ಲಾಜಾ ಬಿಡಿ, ಮೇಲೆ ಜಾಸ್ತಿ ಕಟ್ಟಿಕೊಳ್ಳಿ. ಕಟ್ಟಡಗಳು ಒತ್ತಾಗಿರುವ ಕಡೆ 1 ಚದರಡಿ ಪ್ಲಾಜಾಕ್ಕೆ 10 ಚದರಡಿ ಹೆಚ್ಚುವರಿ! ಅಂದರೆ ಅದು ಮಾಲೀಕರ ಧರ್ಮಕಾರ್ಯ ಅಲ್ಲ, ಊರವರು ತಮ್ಮ ಬೆಳಕು ಗಾಳಿ ಬಿಟ್ಟುಕೊಟ್ಟು ಕೊಂಡ ಜಾಗ.

ಮಾಲೀಕರೇನು ಕಡಿಮೆಯವರಾ. ಮೊದಲ ನಿಯಮದಲ್ಲಿ ಕುರ್ಚಿ ಬೆಂಚಿನ ಮಾತೇ ಇರಲಿಲ್ಲ, ಹಾಗಾಗಿ ಬೋಳು ಕಾಂಕ್ರೀಟ್ ಹಾಕಿ ಕೈ ತೊಳೆದುಕೊಂಡರು. ವಿಲಿಯಂ ವೈಟ್ ಎಂಬವರು ಪ್ಲಾಜಾಗಳಲ್ಲಿ ಕ್ಯಾಮೆರಾ ಇಟ್ಟು ಜನ ಎಲ್ಲಿ ಕೂರುತ್ತಾರೆ ಅಂತ ನೋಡಿದರು. ಕೂರಲು ಅನುಕೂಲ ಇದ್ದಲ್ಲಿ ಕೂರುತ್ತಾರೆ, ಅಷ್ಟೇ! ನಗು ಬರಬಹುದು, ಆದರೆ 1975ರಲ್ಲಿ ಆಸನ ಕಡ್ಡಾಯ ಆದದ್ದು ಇಂಥ ಕೆಲಸದಿಂದಲೇ. ಆಮೇಲೂ ಟ್ರಂಪ್ ಟವರಿನಲ್ಲಿ ಸಾರ್ವಜನಿಕ ಬೆಂಚ್ ಇರಬೇಕಾದಲ್ಲಿ ಟೋಪಿ, ಟೀಶರ್ಟ್ ಮಾರುವ ಕೌಂಟರ್ ಬಂತು, ನಗರ ದಂಡ ಹಾಕಿತು. 2017ರ ಆಡಿಟ್‌ನಲ್ಲಿ ಇಂಥ ಜಾಗ ಇರುವ 333 ಕಟ್ಟಡಗಳ ಪೈಕಿ ಅರ್ಧಕ್ಕಿಂತ ಜಾಸ್ತಿ ಕಡೆ ಏನಾದರೊಂದು ನಿಯಮ ಮುರಿದಿತ್ತು.

ಕಾಗದದಲ್ಲಿ ಬರೆದಿಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಅಲ್ಲೇ ಉದಾಹರಣೆ ಇದೆ. 2011ರಲ್ಲಿ ವಾಲ್‌ಸ್ಟ್ರೀಟ್ ವಿರುದ್ಧ ಹೋರಾಟಕ್ಕೆ ಬಂದವರು ಸುಮಾರು ಎರಡು ತಿಂಗಳು ಬೀಡುಬಿಟ್ಟದ್ದು ಜುಕೋಟಿ ಪಾರ್ಕಿನಲ್ಲಿ. ಅದು ಖಾಸಗಿ ಕಂಪನಿಯದ್ದು. ಸರ್ಕಾರಿ ಪಾರ್ಕಾದರೆ ರಾತ್ರಿ ಗೇಟು ಹಾಕಬಹುದಿತ್ತು, ಇದನ್ನು 24 ಗಂಟೆಯೂ ತೆರೆದಿಡಬೇಕು ಅಂತ ಷರತ್ತೇ ಇತ್ತು. ಕೊನೆಗೆ ಪೊಲೀಸರು ಎಬ್ಬಿಸಿದರು, ಅದು ಬೇರೆ ವಿಷಯ.

ಕೇರಳದಲ್ಲೂ ಫೀಸು ಕಟ್ಟಿ ಹೆಚ್ಚು ಫ್ಲೋರ್ ಏರಿಯಾ ಪಡೆಯಲು ಕಟ್ಟಡ ನಿಯಮದಲ್ಲೇ ದಾರಿ ಇದೆ. ಹಾಗೆ ಪಡೆಯುವವರಿಗೆ ದುಡ್ಡಿನ ಜೊತೆ ನೆರಳಲ್ಲಿ ನಾಲ್ಕು ಬೆಂಚು, ಕುಡಿಯುವ ನೀರು ಅಂತ ಪರ್ಮಿಟ್‌ನಲ್ಲೇ ಯಾಕೆ ಬರೆಸಬಾರದು? ಹೈವೇ ಅಗಲ ಮಾಡುವಾಗ ಬದಿಯ ಮರಗಳೂ ಹೋದವು, ಪ್ರಾಯ ಆದವರು ಎಲ್ಲಿ ನಿಲ್ಲಬೇಕು? ನ್ಯೂಯಾರ್ಕಿನ ಹಾಗೆ 'ಸಾರ್ವಜನಿಕರಿಗೆ ಪ್ರವೇಶ ಇದೆ' ಅಂತ ಬೋರ್ಡೂ ಇರಲಿ. ಮಲಯಾಳದಲ್ಲೂ, ಕನ್ನಡದಲ್ಲೂ. ಕನ್ನಡ ಬೋರ್ಡಿಗೆ ಬೇರೆಯೇ ಅರ್ಜಿ ಕೊಡಬೇಕಾದೀತು, ಅದೇನು ನಮಗೆ ಹೊಸತಲ್ಲ ಬಿಡಿ.