ಅಡ್ವಾನ್ಸ್ ದುಡ್ಡು ನಮ್ಮದಲ್ಲ

ಮೇಲಿನ ಮನೆಯವರು ನಿನ್ನೆ ಸಂಜೆ ಇಳಿದು ಬಂದು "ಆಂಟಿ, ಮುಂದಿನ ತಿಂಗಳು ಖಾಲಿ ಮಾಡ್ತೀವಿ" ಎಂದರು. ಗಂಡನಿಗೆ ಸರ್ಜಾಪುರ ರಸ್ತೆ ಕಡೆ ಕೆಲಸ ಸಿಕ್ಕಿದೆಯಂತೆ. ವಿಜಯನಗರದಿಂದ ದಿನಾ ಅಲ್ಲಿಗೆ ಹೋಗಿ ಬರೋದು ಯಾರ ಕೈಲಾಗುತ್ತೆ? ಮಾತು ಮುಗಿದರೂ ಆ ಹುಡುಗಿ ಬಾಗಿಲಲ್ಲೇ ನಿಂತಿದ್ದಳು, ವೇಲ್‌ನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ. ಏನು ಕೇಳಬೇಕು ಅಂತಿದ್ದಾಳೆ ಎಂದು ಗೊತ್ತಾಯಿತು. "ಅಡ್ವಾನ್ಸ್ ತಾನೆ? ಬೀಗದ ಕೈ ಕೊಟ್ಟ ದಿನವೇ ಕೊಡ್ತೀನಮ್ಮ" ಎಂದೆ. ಆಗ ವೇಲ್ ಬಿಟ್ಟಳು.

ಇದನ್ನು ನನ್ನಂಥವರಿಗಾಗಿ ಬರೆಯುತ್ತಿದ್ದೇನೆ. ಅಪ್ಪ ಕಟ್ಟಿಸಿದ 30-40 ಸೈಟಿನ ಮನೆ, ಕೆಳಗೆ ನಾವು, ಮೇಲೆ ಎರಡು ಬಾಡಿಗೆ ಮನೆ. ಹತ್ತಾರು ಬಿಲ್ಡಿಂಗ್ ಇರುವವರಿಗೆ ನಾನು ಹೇಳುವಂಥದ್ದು ಏನೂ ಇಲ್ಲ, ಅವರು ಮ್ಯಾನೇಜರ್ ಇಟ್ಟುಕೊಂಡಿರುತ್ತಾರೆ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಅನ್ನೋದು ಬಹಳ ಕಾಲ ನಡೆದುಕೊಂಡು ಬಂದ ರೂಢಿ. ನಮ್ಮಪ್ಪ ಮೊದಲ ಮಹಡಿಯ ಅಡ್ವಾನ್ಸ್ ಹಾಕಿ ಎರಡನೇ ಮಹಡಿಗೆ ಮೋಲ್ಡ್ ಹಾಕಿಸಿದರು. ನಮ್ಮ ಬೀದಿಯಲ್ಲಿ ಎಷ್ಟೋ ಮನೆಗಳು ಹೀಗೇ ಎದ್ದಿವೆ. ಹಳಬರು ಹೋಗುವಾಗ ಹೊಸಬರ ಅಡ್ವಾನ್ಸ್ ತಗೊಂಡು ಕೊಡೋದು, ಅಷ್ಟೇ ಲೆಕ್ಕ. ಮಧ್ಯೆ ಯಾರೂ ಬರದಿದ್ದರೆ ಅನ್ನೋದು ಯಾರ ತಲೆಗೂ ಬಂದಿರಲಿಲ್ಲ.

2020ರ ಜೂನ್‌ನಲ್ಲಿ ಬಂತು. ಮನೆಯಿಂದಲೇ ಕೆಲಸ ಅಂತಾದ ಮೇಲೆ ಮೊದಲ ಮಹಡಿಯ ಹುಡುಗರು ಶಿವಮೊಗ್ಗಕ್ಕೆ ಹೊರಟರು. ಹದಿನೈದು ದಿನ ಬಿಟ್ಟು ಎರಡನೇ ಮಹಡಿಯವರೂ ಊರಿಗೆ ಹೊರಟರು. ಎರಡೂ ಸೇರಿ ವಾಪಸ್ ಕೊಡಬೇಕಾದ ದುಡ್ಡು 2,20,000. ಅಪ್ಪ ಇಲ್ಲ, ದುಡ್ಡು ಮೋಲ್ಡಿನಲ್ಲಿದೆ. ಟು ಲೆಟ್ ಬೋರ್ಡ್ ಹಾಕಿದರೆ ನೋಡೋಕೂ ಜನ ಇಲ್ಲ. ಒಂದು ಕಡೆ ಕೊರೊನಾ, ಇನ್ನೊಂದು ಕಡೆ ಆಷಾಢ. ಆಷಾಢದಲ್ಲಿ ಹಾಲುಕ್ಕಿಸಿ ಮನೆಗೆ ಹೋಗುವವರು ಯಾರು? "ಹೊಸಬರು ಬಂದ್ಮೇಲೆ ಕೊಡ್ತೀನಪ್ಪಾ" ಅಂತ ನಾನೂ ಹೇಳಿದೆ. ಆ ಹುಡುಗ ಜಗಳ ಆಡಲಿಲ್ಲ. "ಅಕ್ಕ, ನಮ್ಮಪ್ಪನ ಅಂಗಡೀನೂ ಮುಚ್ಚಿದೆ" ಎಂದ, ಅಷ್ಟೇ. ಮಾರನೇ ದಿನ ನಾಲ್ಕು ಬಳೆ ಅಡ ಇಟ್ಟೆ.

ಬಳೆ ಬಿಡಿಸಿಕೊಳ್ಳಲು ಹದಿನಾಲ್ಕು ತಿಂಗಳಾಯಿತು. ಅವತ್ತಿನಿಂದ ಅಡ್ವಾನ್ಸ್ ಬಂದ ದಿನವೇ ಅದನ್ನು ಬೇರೆ ಎಫ್‌ಡಿ ಮಾಡಿಸುತ್ತೇನೆ. ಬಡ್ಡಿ ನನಗೆ, ಅಸಲು ಅವರದು. ಮಗಳ ಫೀಸಿಗೆ ಕಡಿಮೆ ಬಿದ್ದಾಗಲೂ ಮುಟ್ಟಿಲ್ಲ. (ಒಂದು ಸಲ ಮುಟ್ಟುವವಳಿದ್ದೆ. ಯಜಮಾನರು ಬಳೆ ನೆನಪಿಸಿದರು.)

ಹತ್ತು ತಿಂಗಳದ್ದು ಕೇಳುವುದನ್ನೂ ಬಿಟ್ಟೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಎನ್ನುತ್ತದೆ. ರಾಜ್ಯಗಳು ಒಪ್ಪಿ ತಮ್ಮ ಕಾನೂನು ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ. ನನ್ನ ಪ್ರಕಾರ ಎರಡು ಕಡಿಮೆಯಾಯಿತು. ಬಾಡಿಗೆ ನಿಲ್ಲಿಸಿದವರನ್ನು ಕೋರ್ಟಿನ ಮೂಲಕ ಬಿಡಿಸುವುದು ಎಷ್ಟು ನಿಧಾನ ಅನ್ನೋದು ಅನುಭವಿಸಿದವರಿಗೇ ಗೊತ್ತು. ನಾನು ಐದು ತಿಂಗಳದ್ದು ತಗೋತೀನಿ. ಪೇಂಟಿಂಗಿಗೆ ಒಂದು, ಬಾಡಿಗೆ ತಪ್ಪಿದರೆ ಮೂರು, ಕರೆಂಟು ನೀರಿಗೆ ಒಂದು. ಭೋಗ್ಯಕ್ಕೆ ಮಾತ್ರ ಕೊಡಬೇಡಿ. ಎಂಟು ಹತ್ತು ಲಕ್ಷ ಒಟ್ಟಿಗೆ ಕೈಗೆ ಬರುತ್ತೆ, ತಿಂಗಳಾ ಬರೋದು ಏನೂ ಇಲ್ಲ, ಕೊನೆಗೆ ಪೂರ್ತಿ ವಾಪಸ್. ನನ್ನ ಗತಿ ನಾಲ್ಕು ಪಟ್ಟು ದೊಡ್ಡದಾಗಿ ನಿಮಗೆ ಬರುತ್ತೆ.

ಈ ಪೇಂಟಿಂಗ್ ವಿಷಯಕ್ಕೇ ಜಗಳ ಜಾಸ್ತಿ. ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ನಮ್ಮಲ್ಲಿ ವಾಡಿಕೆ. ಆದರೆ ಅದನ್ನು ಅಗ್ರಿಮೆಂಟಿನಲ್ಲಿ ಬರೆಯದೆ, ಹೋಗುವ ದಿನ ಬಾಯಲ್ಲಿ ಹೇಳಿದರೆ ಯಾರಿಗಾದರೂ ಉರಿಯುತ್ತೆ ಅಲ್ವಾ? ಆರೇ ತಿಂಗಳಿದ್ದವರಿಗೂ ಐದು ವರ್ಷ ಇದ್ದವರಿಗೂ ಒಂದೇ ಕತ್ತರಿ ಹಾಕೋದೂ ನ್ಯಾಯ ಅಲ್ಲ. ವರ್ಷದೊಳಗೆ ಹೋದವರಿಗೆ ನಾನು ಅರ್ಧ ಮಾತ್ರ ಮುರಿಯುತ್ತೇನೆ. ಗೋಡೆಗೆ ಮೊಳೆ ಹೊಡೆದಿದ್ದಾರೆ ಎಂದು ಮೊಳೆ ಎಣಿಸುವ ಓನರ್‌ಗಳನ್ನು ನೋಡಿದ್ದೇನೆ. ಕ್ಯಾಲೆಂಡರ್ ಇನ್ನೆಲ್ಲಿ ತೂಗುಹಾಕಬೇಕು?

ಬರುವ ದಿನ ಅವರ ಜೊತೆಯೇ ಮನೆಯೆಲ್ಲಾ ಸುತ್ತಿ ಮೊಬೈಲಿನಲ್ಲಿ ವಿಡಿಯೊ ಮಾಡಿ. ನಲ್ಲಿ, ಗೀಸರ್, ಸ್ವಿಚ್ ಬೋರ್ಡ್, ಬಾತ್‌ರೂಮಿನ ಬಾಗಿಲಿನ ಕೆಳತುದಿ. ಹೌದು, ಅದೇ. ನೀರು ಬಿದ್ದು ಬಿದ್ದು ಪ್ಲೈವುಡ್ ಉಬ್ಬಿ ಪದರ ಪದರವಾಗಿ ಬಿಚ್ಚಿಕೊಳ್ಳುವ ಜಾಗ ಅದು. ನಮ್ಮ ಮನೆಯಲ್ಲಿ ಒಂದು ಸಲ "ಮೊದಲೇ ಹಾಗಿತ್ತು", "ಇಲ್ಲ, ನೀವೇ ಮಾಡಿದ್ದು" ಅಂತ ಒಂದು ಗಂಟೆ ನಡೆದಿದೆ. ವಿಡಿಯೊವನ್ನು ಅವರಿಗೂ ವಾಟ್ಸ್ಯಾಪ್ ಮಾಡಿ. ಈಗ ಪಿವಿಸಿ ಬಾಗಿಲು ಹಾಕಿಸಿದ್ದೇನೆ, ಅದು ಬೇರೆ ಮಾತು.

ಅಗ್ರಿಮೆಂಟ್ ಯಾಕೆ ಎಲ್ಲರೂ 11 ತಿಂಗಳಿಗೆ ಮಾಡುತ್ತಾರೆ ಎಂದು ಕೆಲವರು ಕೇಳುತ್ತಾರೆ. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಲೇಬೇಕು. ಅದನ್ನು ತಪ್ಪಿಸಲು 11. ತಪ್ಪೇನಿಲ್ಲ, ಆದರೆ 11 ಮುಗಿದ ಮೇಲೆ ಹೊಸದು ಬರೆಸಿ. ನಮ್ಮ ಪಕ್ಕದ ಮನೆಯವರ ಹತ್ತಿರ ಇರೋದು ಆರು ವರ್ಷದ ಹಿಂದಿನ ಪೇಪರ್, ಅದರಲ್ಲಿರುವ ಬಾಡಿಗೆಯೂ ಆರು ವರ್ಷದ ಹಿಂದಿನದು. ಖಾಲಿ ಮಾಡಲು ಎರಡೂ ಕಡೆಯವರು ಎಷ್ಟು ದಿನ ಮೊದಲು ಹೇಳಬೇಕು, ಅಡ್ವಾನ್ಸ್ ಯಾವತ್ತು ವಾಪಸ್, ಇವೆರಡು ಸಾಲು ಅದರಲ್ಲಿ ಇರಲಿ. ಅಂಗಡಿಯಲ್ಲಿ ಕೊಡುವ ರೆಡಿ ನಮೂನೆಯಲ್ಲಿ ಎರಡನೆಯದು ಬಹಳ ಸಲ ಇರೋದೇ ಇಲ್ಲ.

ಬಾಡಿಗೆಯವರು ಪ್ಯಾನ್ ನಂಬರ್ ಕೇಳಿದರೆ ಗಾಬರಿ ಬೀಳಬೇಡಿ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಅವರು ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆಯ (ಎಚ್‌ಆರ್‌ಎ) ಟ್ಯಾಕ್ಸ್ ವಿನಾಯಿತಿಗೆ ಓನರ್ ಪ್ಯಾನ್ ಕೊಡಬೇಕು. ನಮಗೂ ಇನ್ಕಮ್ ಟ್ಯಾಕ್ಸ್ ಲೆಕ್ಕದಲ್ಲಿ, ಬಾಡಿಗೆಯಲ್ಲಿ ನಾವು ಕಟ್ಟಿದ ಮನೆ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ. 30ರಷ್ಟನ್ನು ಸುಮ್ನೆ ಬಿಟ್ಟುಬಿಡುತ್ತಾರೆ, ರಿಪೇರಿ ಬಿಲ್ ಏನೂ ಕೇಳುವುದಿಲ್ಲ. ಬಾಡಿಗೆ ಬಿಟ್ಟರೆ ಬೇರೆ ದೊಡ್ಡ ಆದಾಯ ಇಲ್ಲದವರಿಗೆ ಟ್ಯಾಕ್ಸ್ ಬರೋದೇ ಅಪರೂಪ. ಅದಕ್ಕೆ ಹೆದರಿ ಕ್ಯಾಶ್ ಕೊಡಿ ಅಂದರೆ, ನಾಳೆ ಬಾಡಿಗೆ ಬಾಕಿ ಅಂತ ತೋರಿಸಲು ನಿಮ್ಮ ಕೈಯಲ್ಲೇ ಏನೂ ಇರಲ್ಲ.

2023ರಲ್ಲಿ ರಾಜ್ಯ ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಬಂದ ಮೇಲೆ ಇನ್ನೊಂದು ಕೆಲಸ ಸೇರಿದೆ. ಬಾಡಿಗೆಯವರು ತಮ್ಮ ಆಧಾರ್ ಅನ್ನು ನಮ್ಮ ಮೀಟರಿನ ಆರ್‌ಆರ್ ನಂಬರಿಗೆ ಜೋಡಿಸಿರುತ್ತಾರೆ. ಹೋಗುವ ಮೊದಲು ಡಿ-ಲಿಂಕ್ ಮಾಡಿಸಲಿ. ಇಲ್ಲದಿದ್ದರೆ ಅವರಿಗೆ ಹೊಸ ಮನೆಯಲ್ಲೂ ತೊಡಕು, ಇಲ್ಲಿಗೆ ಬರುವವರಿಗೂ ತೊಡಕು. ನೀರಿಗೆ ಮಾತ್ರ ನನ್ನ ಹತ್ತಿರ ಪರಿಹಾರ ಇಲ್ಲ. ಒಂದೇ ಸಂಪು, ಒಂದೇ ಮೀಟರು, ಮೂರು ಮನೆ. ತಲೆ ಲೆಕ್ಕದಲ್ಲಿ ಹಂಚುತ್ತೇವೆ, ನೆಂಟರು ಬಂದ ತಿಂಗಳು ಎಲ್ಲರೂ ಎಲ್ಲರ ಮುಖ ನೋಡುತ್ತೇವೆ.

ಇವತ್ತು ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಮೇಲಿನ ಮನೆಯ ಎಫ್‌ಡಿ ಯಾವಾಗ ಮುರಿಸಬಹುದು ಎಂದು ಕೇಳಿ ಬಂದೆ. ಅವಧಿಗೆ ಮುಂಚೆ ಮುರಿಸಿದರೆ ಬಡ್ಡಿ ಸ್ವಲ್ಪ ಕಡಿಮೆಯಾಗುತ್ತಂತೆ. ಆಗಲಿ. ಸಂಜೆ ಟು ಲೆಟ್ ಬೋರ್ಡ್ ಒರೆಸಿ ಗೇಟಿಗೆ ಕಟ್ಟಬೇಕು.